ಸರ್, ಒಂದು ಫೋಟೋ ಕಳಿಸಿ

ಹೋದ ಮಂಗಳವಾರ ರಾತ್ರಿ ಒಂಬತ್ತೂವರೆ ಆಗಿರಬೇಕು. ಆಫೀಸಿನ ಕೊನೆಯ ಕಾಲ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವುದರಲ್ಲಿದ್ದೆ. ನರಿಮೊಗರಿನಲ್ಲಿ ಮಳೆ ಅಂದ್ರೆ ಮಳೆ. ಕರೆಂಟ್ ಸಂಜೆಯೇ ಹೋಗಿತ್ತು, ಇನ್ವರ್ಟರ್ ಇನ್ನೊಂದು ಅರ್ಧ ಗಂಟೆ ಬಂದರೆ ನಮ್ಮ ಪುಣ್ಯ ಅಂತ ಲೆಕ್ಕ ಹಾಕಿಕೊಂಡಿದ್ದೆ. ಆಗ ಫೋನಿಗೆ ಒಂದು ಮೇಲ್ ಬಂತು.

“ಸರ್, ನಿಮ್ಮ ವಿಜ್ಞಾನ ಕಥೆ ನಮ್ಮ ವಿಶೇಷ ಸಂಚಿಕೆಗೆ ಆಯ್ಕೆಯಾಗಿದೆ. ದಯವಿಟ್ಟು ಒಂದು ಫೋಟೋ ಮತ್ತು ನಾಲ್ಕು ಸಾಲಿನ ಪರಿಚಯ ಕಳಿಸಿ.”

ಮೊದಲ ಒಂದು ನಿಮಿಷ ಕುಣಿಯುವಷ್ಟು ಖುಷಿಯಾಯ್ತು. ಎರಡನೇ ನಿಮಿಷಕ್ಕೆ ‘ಸರ್’ ಕಣ್ಣಿಗೆ ಬಿತ್ತು. ಮೂರನೇ ನಿಮಿಷಕ್ಕೆ ‘ಫೋಟೋ’.

ತಪ್ಪು ಅವರದಲ್ಲ. ಕಥೆಯ ಕೆಳಗೆ ನಾನು ಹಾಕಿದ್ದ ಹೆಸರು ‘ಎಸ್. ನರಿಮೊಗರು’ ಎಂದು. ನಮ್ಮ ಕಡೆ ಹೆಸರಿನ ಜೊತೆ ಊರನ್ನು ಸೇರಿಸಿಕೊಳ್ಳುವ ಲೇಖಕರಿಗೆ ಕಡಿಮೆಯಿಲ್ಲವಲ್ಲ, ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಒಂದು ಅಕ್ಷರ, ಒಂದು ಚುಕ್ಕೆ, ಒಂದು ಊರು. ಓದುವವರು ತಾವಾಗಿಯೇ ಅದಕ್ಕೊಂದು ಮೀಸೆ ಅಂಟಿಸಿಬಿಡುತ್ತಾರೆ. ಅಂಟಿಸಲಿ ಎಂದೇ ನಾನು ಹಾಗೆ ಬರೆದದ್ದು. ಅದನ್ನು ಒಪ್ಪಿಕೊಳ್ಳುವುದಕ್ಕೆ ಈ ವಾರದ ಅಂಕಣ.

ಅದರ ಹಿಂದೆ ಒಂದು ಸಣ್ಣ ಕಥೆ ಉಂಟು. ಎರಡು ವರ್ಷದ ಹಿಂದೆ ನಾನು ನನ್ನ ಪೂರ್ತಿ ಹೆಸರಿನಲ್ಲೇ, ಈ ಅಂಕಣದ ತಲೆಯ ಮೇಲೆ ಇದೆಯಲ್ಲ ಅದೇ ಹೆಸರಿನಲ್ಲಿ, ಬೇರೊಂದು ಕಡೆಗೆ ಒಂದು ಕಥೆ ಕಳಿಸಿದ್ದೆ. ಅಡಿಕೆ ತೋಟದಲ್ಲಿ ನೆಟ್ಟ ಸೆನ್ಸರುಗಳು ಕೊಳೆರೋಗ ಬರುವ ಮೂರು ದಿನ ಮೊದಲೇ ಎಚ್ಚರಿಸುತ್ತವೆ. ಬರಬರುತ್ತಾ ಅವು ಆ ಮನೆಯಲ್ಲಿ ನಡೆಯಲಿರುವ ಜಗಳಗಳನ್ನೂ ಮೊದಲೇ ಹೇಳತೊಡಗುತ್ತವೆ. ಕಥೆ ಅಷ್ಟೇ. ಅಚ್ಚಾಯ್ತು. ಆಮೇಲೆ ಅಲ್ಲಿಯವರೊಬ್ಬರು ಫೋನ್ ಮಾಡಿ ತುಂಬ ಪ್ರೀತಿಯಿಂದಲೇ ಕೇಳಿದರು: “ಚೆನ್ನಾಗಿದೆ ಮೇಡಂ. ಆ ಸೆನ್ಸರಿನ ವಿಷಯ ಎಲ್ಲ ಯಾರ ಹತ್ತಿರ ಕೇಳಿ ಬರೆದ್ರಿ? ಮನೆಯವರು ಇಂಜಿನಿಯರಾ?”

ನಾನೇ ಇಂಜಿನಿಯರು ಸ್ವಾಮಿ, ಮನೆಯವರು ಇನ್ನೂ ಆಗಿಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ನಕ್ಕು ಫೋನಿಟ್ಟೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಎಂಟು ವರ್ಷದಿಂದ ಅದೇ ಕೆಲಸದಲ್ಲಿ ಅನ್ನ ತಿನ್ನುತ್ತಿರುವವಳಿಗೆ ಒಂದು ಪ್ರಶ್ನೆಯಿಂದ ಇಷ್ಟು ಉರಿಯುತ್ತದೆ ಅಂತ ಅವತ್ತೇ ಗೊತ್ತಾದದ್ದು. ಮುಂದಿನ ಕಥೆಗೆ ಹೆಸರು ಬರೆಯುವಾಗ ಬೆರಳು ‘ಎಸ್’ ಎಂಬಲ್ಲಿಗೆ ನಿಂತಿತು.

ಮತ್ತೆ ನಮ್ಮ ಕೆಲಸದಲ್ಲಿ ಇದು ಹೊಸದೂ ಅಲ್ಲ. ನೀವೂ ಐಟಿಯವರಾದರೆ ಗೊತ್ತಿರುತ್ತದೆ. ಕೋಡ್ ಹಾಕುವ ಐಡಿಯಲ್ಲಿ ಬರೀ ಇನಿಷಿಯಲ್ ಇಟ್ಟುಕೊಂಡ ಗೆಳತಿಯರು ನನಗೆ ಎಷ್ಟೋ ಜನ ಇದ್ದಾರೆ. ಪರಿಚಯವಿಲ್ಲದವರು “ಬ್ರೋ, ಸೂಪರ್ ಫಿಕ್ಸ್” ಅಂತ ಬರೆದಾಗ ಅವರೂ ಒಂದು ಸ್ಮೈಲಿ ಹಾಕಿ ಸುಮ್ಮನಿರುತ್ತಾರೆ. ಕೆಲಸ ಸಲೀಸಾಗಿ ಆಗುತ್ತದಲ್ಲ, ಅಷ್ಟು ಸಾಕು ಅಂತ.

ಸರಿ, ಆ ರಾತ್ರಿ ಮೇಲಿಗೆ ಉತ್ತರ ಬರೆಯಲು ಕೈ ಬರಲಿಲ್ಲ. ನನ್ನ ಹಾಗೆ ಮಾಡಿದವರು ಬೇರೆ ಯಾರಿದ್ದಾರೆ ನೋಡುವ ಅಂತ ಫೋನಿನಲ್ಲೇ ಹುಡುಕುತ್ತಾ ಕೂತೆ. ಹಾಗೆ ಸಿಕ್ಕಿದವರು ಗರ್ಟ್ರೂಡ್ ಬ್ಯಾರೋಸ್ ಬೆನೆಟ್. ಹೆಸರು ಕೇಳಿದ್ದೀರಾ? ನಾನೂ ಕೇಳಿರಲಿಲ್ಲ.

ಗರ್ಟ್ರೂಡ್ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ. ಶಾಲೆ ಎಂಟನೇ ಕ್ಲಾಸಿಗೇ ಮುಗಿಯಿತು. ಚಿತ್ರ ಬಿಡಿಸುವ ಕೆಲಸಕ್ಕೆ ಸೇರಬೇಕೆಂಬ ಆಸೆಯಿಂದ ರಾತ್ರಿ ಶಾಲೆಗೆ ಹೋದರು. ಅದು ಕೈಗೂಡಲಿಲ್ಲ, ಸ್ಟೆನೋಗ್ರಾಫರ್ ಆದರು. ಅಂದರೆ ದಿನವಿಡೀ ಬೇರೆಯವರು ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದು ಟೈಪ್ ಮಾಡಿಕೊಡುವ ಕೆಲಸ.

1904ರಲ್ಲಿ, ಅವರಿಗಿನ್ನೂ ಇಪ್ಪತ್ತರ ಆಸುಪಾಸು, ‘ಆರ್ಗಸಿ’ ಎಂಬ ಜನಪ್ರಿಯ ಪತ್ರಿಕೆಯಲ್ಲಿ ಒಂದು ಕಥೆ ಬಂತು. ಅಪಘಾತವಾಗಿ ಒಬ್ಬ ವಿಜ್ಞಾನಿಯ ಮನೆ ಸೇರಿದವನಿಗೆ ಪ್ರಯೋಗದ ಫಲವಾಗಿ ಅಸಾಧಾರಣ ದೇಹಬಲ ಬರುವ ಕಥೆ. ಸೂಪರ್‌ಮ್ಯಾನ್ ಕಾಮಿಕ್ಸಿನಲ್ಲಿ ಹುಟ್ಟಿದ್ದು 1938ರಲ್ಲಿ. ಅದಕ್ಕೂ 34 ವರ್ಷ ಮೊದಲು ಒಬ್ಬ ಟೈಪಿಸ್ಟ್ ಹುಡುಗಿ ಇಂಥದ್ದನ್ನು ಯೋಚಿಸಿ ಬರೆದಾಗಿತ್ತು. ಕಥೆಯ ಮೇಲಿದ್ದ ಹೆಸರು ಜಿ. ಎಂ. ಬ್ಯಾರೋಸ್. ಒಂದೆರಡು ಅಕ್ಷರ, ಚುಕ್ಕೆ, ಮತ್ತೆ ಮನೆತನದ ಹೆಸರು. ನನಗೆ ಅಲ್ಲೇ ನಗು ಬಂತು. ನಾನು ಏನೋ ಹೊಸ ಉಪಾಯ ಕಂಡುಹಿಡಿದೆ ಅಂದುಕೊಂಡಿದ್ದೆ, ಅದಕ್ಕೆ ನೂರು ವರ್ಷ ದಾಟಿದೆ.

ಆಮೇಲೆ ಮದುವೆ. 1910ರಲ್ಲಿ ಗಂಡ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ ತೀರಿಹೋದರು. ಕೈಯಲ್ಲಿ ಎಳೆಯ ಮಗಳು. ಪುನಃ ಟೈಪ್‌ರೈಟರ್. ಮುಂದೆ ತಂದೆಯೂ ಹೋದರು, ತಾಯಿ ಹಾಸಿಗೆ ಹಿಡಿದರು. ಮಗು, ರೋಗಿ ತಾಯಿ, ಒಂದು ಸಂಬಳ. ಇಂಥ ಹೊತ್ತಿನಲ್ಲಿ ಆಕೆಗೆ ಹಳೆಯ ಕಥೆಯ ನೆನಪಾಯಿತು. ಮನೆ ಬಿಟ್ಟು ಹೋಗದೆ ದುಡಿಯುವ ದಾರಿ ಬೇಕಿತ್ತು. ಕಥೆ ಬರೆದರೆ ದುಡ್ಡು ಬರುತ್ತದಲ್ಲ! ಇವತ್ತು ನಾವು ವರ್ಕ್ ಫ್ರಮ್ ಹೋಮ್ ಅನ್ನುತ್ತೇವೆ, ಆಕೆ ಅದನ್ನು ಫಿಲಡೆಲ್ಫಿಯಾದಲ್ಲಿ ಕಾಯಿಲೆಯ ತಾಯಿಯ ಮಂಚದ ಪಕ್ಕ ಕೂತು ಮಾಡಿದರು.

1917ರಲ್ಲಿ ಒಂದು ದೊಡ್ಡ ಕಥೆಯನ್ನು ‘ಆಲ್-ಸ್ಟೋರಿ ವೀಕ್ಲಿ’ಗೆ ಕಳಿಸುವಾಗ ಗುಪ್ತನಾಮ ಇರಲಿ ಅಂತ ಕೇಳಿಕೊಂಡರು. ಅವರು ಸೂಚಿಸಿದ ಹೆಸರು ಜೀನ್ ವೇಲ್. ಕೇಳಿದರೆ ಗಂಡೋ ಹೆಣ್ಣೋ ಗೊತ್ತಾಗದ ಹೆಸರು. ಪತ್ರಿಕೆಯವರು ಅದನ್ನು ಬಿಟ್ಟು ಫ್ರಾನ್ಸಿಸ್ ಸ್ಟೀವನ್ಸ್ ಅಂತ ಅಚ್ಚು ಹಾಕಿದರು. ಇಂಗ್ಲಿಷಿನಲ್ಲಿ ಆ ಕಾಗುಣಿತದ ಫ್ರಾನ್ಸಿಸ್ ಗಂಡು ಹೆಸರು. ಕಥೆ ಓದುಗರಿಗೆ ಇಷ್ಟವಾಯ್ತು, ಹೆಸರು ಅಂಟಿಕೊಂಡಿತು. ನೋಡಿ, ತಾನು ಅಡಗಿಕೊಳ್ಳುವ ಹೆಸರನ್ನು ಆರಿಸುವ ಅವಕಾಶ ಕೂಡ ಆಕೆಗೆ ಸಿಗಲಿಲ್ಲ.

ಆಮೇಲೆ ಐದಾರು ವರ್ಷ ಫ್ರಾನ್ಸಿಸ್ ಸ್ಟೀವನ್ಸ್ ಬರೆದದ್ದೇ ಬರೆದದ್ದು. 1918ರಲ್ಲಿ ‘ದಿ ಸಿಟಡೆಲ್ ಆಫ್ ಫಿಯರ್’ ಎಂಬ ಧಾರಾವಾಹಿ. ಅದೇ ವರ್ಷ ‘ಫ್ರೆಂಡ್ ಐಲೆಂಡ್’ ಎಂಬ ಸಣ್ಣಕಥೆ. ಇದು ನನಗೆ ಭಾರೀ ಇಷ್ಟ. ಹೆಂಗಸರೇ ಆಳುವ ಮುಂದಿನ ಕಾಲ. ಹಡಗು ನಡೆಸಿ ಮುದುಕಿಯಾದವಳೊಬ್ಬಳು ತನ್ನ ಹಳೆಯ ಅನುಭವ ಹೇಳುತ್ತಾಳೆ. ಒಂದು ದ್ವೀಪದಲ್ಲಿ ಒಬ್ಬಳೇ ಸಿಕ್ಕಿಹಾಕಿಕೊಂಡಿದ್ದಾಗ ಆ ದ್ವೀಪಕ್ಕೆ ಜೀವ ಇದೆ ಅಂತ ಅವಳಿಗೆ ತಿಳಿಯುತ್ತದೆ. ಇವಳು ಖುಷಿಯಾಗಿದ್ದರೆ ದ್ವೀಪವೂ ಖುಷಿ, ಇವಳು ಅತ್ತರೆ ಅದೂ ಅಳುತ್ತದೆ. ಆಮೇಲೆ ಅಲ್ಲಿಗೊಬ್ಬ ಗಂಡಸು ಬಂದು ಬಾಯಿಗೆ ಬಂದ ಹಾಗೆ ಬೈದಾಗ ದ್ವೀಪಕ್ಕೆ ಸಿಟ್ಟು ಬರುತ್ತದೆ. ಬರೀ ಸಿಟ್ಟಲ್ಲ, ಜ್ವಾಲಾಮುಖಿಯ ಸಿಟ್ಟು. ಗಂಡು ಹೆಸರಿನ ಹಿಂದೆ ಕೂತು ಇದನ್ನು ಬರೆಯುವಾಗ ಆಕೆ ಎಷ್ಟು ನಕ್ಕಿರಬಹುದು ಅಂತ ನನಗೆ ಆಸೆ.

ಇನ್ನೊಂದು, 1919ರ ‘ದಿ ಹೆಡ್ಸ್ ಆಫ್ ಸೆರ್ಬೆರಸ್’. ಒಂದು ಸೀಸೆಯಲ್ಲಿದ್ದ ಬೂದು ಬಣ್ಣದ ಧೂಳನ್ನು ಉಸಿರಾಡಿದ ಮೂವರು ಬೇರೊಂದು ಕಾಲಕ್ಕೆ ಹೋಗಿ ಬೀಳುತ್ತಾರೆ. 2118ನೇ ಇಸವಿಯ ಫಿಲಡೆಲ್ಫಿಯಾ. ಅಲ್ಲಿ ಆಳುವವರು ಬೆರಳೆಣಿಕೆಯ ಜನ. ಸ್ಪರ್ಧೆ ಇಟ್ಟು ಅವರನ್ನು ಆರಿಸುತ್ತೇವೆ ಅನ್ನುವುದು ಹೆಸರಿಗೆ ಮಾತ್ರ. ಉಳಿದ ಸಾಮಾನ್ಯ ಜನರಿಗೆ ಹೆಸರು ಇಟ್ಟುಕೊಳ್ಳುವ ಹಕ್ಕೇ ಇಲ್ಲ. ಎಲ್ಲರಿಗೂ ನಂಬರು.

ಇದನ್ನು ಓದುವಾಗ ಇನ್ವರ್ಟರ್ ಕೂಗಿಕೊಂಡು ಆರಿಹೋಯ್ತು. ಕತ್ತಲಲ್ಲಿ ನನ್ನ ಕೊರಳಲ್ಲಿ ನೇತಾಡುವ ಆಫೀಸಿನ ಐಡಿ ಕಾರ್ಡ್ ನೆನಪಾಯ್ತು. ಆರು ಅಂಕಿ. ರಜೆ ಹಾಕುವುದಕ್ಕೂ, ಸಂಬಳದ ಚೀಟಿ ನೋಡುವುದಕ್ಕೂ ಆ ಆರು ಅಂಕಿ ಸಾಕು. ಆದರೆ ನನ್ನ ತಲೆಯೊಳಗೆ ಕೂತದ್ದು ಬೇರೆ. ತನ್ನ ಹೆಸರಿನಲ್ಲಿ ಬರೆಯಲಾಗದ ಒಬ್ಬ ಹೆಂಗಸು, ಭಯ ಹುಟ್ಟಿಸುವ ಒಂದು ಮುಂದಿನ ಕಾಲ ಹೇಗಿರಬಹುದು ಅಂತ ಕೂತು ಯೋಚಿಸಿದಾಗ ಆಕೆಗೆ ಹೊಳೆದದ್ದು ಜನಕ್ಕೆ ಹೆಸರೇ ಇಲ್ಲದ ಊರು.

1920ರಲ್ಲಿ ತಾಯಿ ತೀರಿಕೊಂಡರು. ಬರವಣಿಗೆ ಅಲ್ಲಿಗೆ ಹೆಚ್ಚುಕಡಿಮೆ ನಿಂತಿತು. ಕೊನೆಯ ಕಥೆ 1923ರಲ್ಲಿ ‘ವೀರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂತು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋದರು, ಮಗಳ ಸಂಪರ್ಕವೂ ತಪ್ಪಿತು. ಕಥೆಗಳು ಮಾತ್ರ ಹಳೆಯ ಪತ್ರಿಕೆಗಳಲ್ಲಿ ಉಳಿದವು. ಅವನ್ನು ಮೆಚ್ಚಿದ ಓದುಗರು ಈ ಫ್ರಾನ್ಸಿಸ್ ಸ್ಟೀವನ್ಸ್ ಯಾರಪ್ಪಾ ಅಂತ ತಲೆಕೆಡಿಸಿಕೊಂಡರು. ಕಡೆಗೆ ಬಹಳ ಜನ ಒಂದು ತೀರ್ಮಾನಕ್ಕೆ ಬಂದರು: ಇಷ್ಟು ಚೆನ್ನಾಗಿ ಬರೆಯಬೇಕಾದರೆ ಇದು ಎ. ಮೆರಿಟ್ ಅವರದ್ದೇ ಗುಪ್ತನಾಮ ಇರಬೇಕು. ಮೆರಿಟ್ ಆ ಕಾಲದ ಬಹು ದೊಡ್ಡ ಫ್ಯಾಂಟಸಿ ಲೇಖಕ. ಗಂಡಸು, ಹೇಳಬೇಕಾಗಿಲ್ಲ.

‘ಮನೆಯವರು ಇಂಜಿನಿಯರಾ?’ ನೆನಪಾಯ್ತಾ? ನನಗಂತೂ ಆಯ್ತು. ಒಂದು ವ್ಯತ್ಯಾಸ ಉಂಟು. ನನ್ನನ್ನು ಕೇಳಿದವರಿಗೆ ಬರೆದವಳು ಹೆಂಗಸು ಅಂತ ಗೊತ್ತಿತ್ತು. ಗರ್ಟ್ರೂಡ್ ಪೂರ್ತಿ ಅಡಗಿ ಕೂತಿದ್ದರೂ ಶ್ರೇಯಸ್ಸು ಇನ್ನೊಬ್ಬರ ಮನೆಗೆ ಹೋಯ್ತು. ಅಡಗಿದವರ ಪರವಾಗಿ ಅದು ನಂದು ಅಂತ ಎದ್ದು ನಿಲ್ಲಲು ಯಾರೂ ಇರುವುದಿಲ್ಲವಲ್ಲ!

ಹೆಸರಿಲ್ಲದ ಊರಿನ ಆ ಕಾದಂಬರಿ ಪುಸ್ತಕವಾಗಿ ಬಂದದ್ದು 1952ರಲ್ಲಿ. ಗರ್ಟ್ರೂಡ್ ತೀರಿಹೋದದ್ದು 1948ರಲ್ಲಿ, ಸಾನ್ ಫ್ರಾನ್ಸಿಸ್ಕೊದಲ್ಲಿ. ಆದರೆ ಆ ಇಸವಿ ಕೂಡ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಮಗಳಿಗೆ ಬಂದ ಕೊನೆಯ ಕಾಗದ 1939ರದ್ದಾದ್ದರಿಂದ ಆಗಲೇ ಹೋಗಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಇವತ್ತು ಆಕೆಯನ್ನು ಕರಾಳ ಫ್ಯಾಂಟಸಿ ಎಂಬ ಪ್ರಕಾರದ ಮೊದಲಿಗರಲ್ಲಿ ಒಬ್ಬರು ಎಂದು ಕರೆಯುತ್ತಾರೆ. ಸತ್ತ ವರ್ಷವೇ ಸರಿಯಾಗಿ ಗೊತ್ತಿಲ್ಲದಷ್ಟು ದೂರ ಹೋದಮೇಲೆ.

ಆಕೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಅಮ್ಮನ ಔಷಧಿಗೆ, ಮಗಳ ಹಾಲಿಗೆ ದುಡ್ಡು ಬೇಕಿತ್ತು. ಆ ಹೆಸರು ದುಡ್ಡು ತಂದುಕೊಟ್ಟಿತು. ಆದರೆ ಅದಕ್ಕೆ ಕೊಟ್ಟ ಬೆಲೆ ನೋಡಿ.

ಇದೆಲ್ಲ ಆ ಕಾಲದ ಮಾತು ಅಂತೀರಾ? 1967ರ ಸುಮಾರಿಗೆ ಅಲೈಸ್ ಶೆಲ್ಡನ್ ಎಂಬಾಕೆ, ಸೈನ್ಯದಲ್ಲಿ, ಸಿಐಎಯಲ್ಲಿ ಕೆಲಸ ಮಾಡಿದ, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಹೆಂಗಸು, ಅಂಗಡಿಯಲ್ಲಿ ಕಂಡ ಮಾರ್ಮಲೇಡ್ ಬಾಟಲಿಯ ಮೇಲಿನ ಹೆಸರನ್ನು ಎತ್ತಿಕೊಂಡು ‘ಜೇಮ್ಸ್ ಟಿಪ್‌ಟ್ರೀ ಜೂನಿಯರ್’ ಆಗಿ ವಿಜ್ಞಾನ ಕಥೆ ಬರೆಯತೊಡಗಿದರು. 1975ರಲ್ಲಿ ಇನ್ನೊಬ್ಬ ಪ್ರಸಿದ್ಧ ಲೇಖಕ ರಾಬರ್ಟ್ ಸಿಲ್ವರ್‌ಬರ್ಗ್ ಅವರ ಪುಸ್ತಕಕ್ಕೆ ಮುನ್ನುಡಿ ಬರೆಯುತ್ತಾ, ಟಿಪ್‌ಟ್ರೀ ಹೆಂಗಸಿರಬಹುದು ಎಂಬ ಗುಮಾನಿಯನ್ನು ತಳ್ಳಿಹಾಕಿ, ಈ ಬರಹದಲ್ಲಿ ಗಂಡಸುತನ ಎದ್ದು ಕಾಣುತ್ತದೆ ಅನ್ನುವ ಅರ್ಥದ ಮಾತು ಬರೆದುಬಿಟ್ಟರು. 1977ರ ಹೊತ್ತಿಗೆ ಗುಟ್ಟು ರಟ್ಟಾಯ್ತು. ಪಾಪ, ಆ ಮುನ್ನುಡಿ ಅಚ್ಚಾಗಿಹೋಗಿತ್ತು.

ಇಷ್ಟು ಓದಿ ನಿದ್ದೆ ಮಾಡಿದ್ದರೆ ಆಗುತ್ತಿತ್ತು. ಆದರೆ ಮನಸ್ಸು ಊರಿನ ಕಡೆ ತಿರುಗಿತು. ನಮ್ಮಲ್ಲಿ?

ನಮ್ಮ ದೇಶದ ಮೊದಲ ವಿಜ್ಞಾನ ಕಥೆಗಳ ಪಟ್ಟಿ ಮಾಡಿದರೆ ಅದರಲ್ಲಿ ‘ಸುಲ್ತಾನಾಸ್ ಡ್ರೀಮ್’ ಇರಲೇಬೇಕು. ಬಂಗಾಳದ ರೊಕೆಯಾ ಬರೆದದ್ದು. ಗಂಡಸರೆಲ್ಲ ಪರದೆಯ ಒಳಗೆ, ಹೆಂಗಸರು ಆಳುವವರು, ಹೆಂಗಸರೇ ವಿಜ್ಞಾನಿಗಳು. ಸೂರ್ಯನ ಶಾಖದಲ್ಲಿ ಅಡುಗೆ, ಗಾಳಿಯಲ್ಲಿ ಹಾರುವ ವಾಹನ. ಅದು ಬಂದದ್ದು 1905ರಲ್ಲಿ, ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ನಲ್ಲಿ. ನಮ್ಮ ಪುತ್ತೂರೂ ಆಗ ಮದ್ರಾಸ್ ಪ್ರಾಂತ್ಯದ್ದೇ ಅಲ್ವಾ! ಆ ಕಥೆಯ ಲೇಖಕಿಯ ಹೆಸರು ಏನೆಂದು ಅಚ್ಚಾಗಿತ್ತು ಗೊತ್ತುಂಟಾ? ಮಿಸೆಸ್ ಆರ್. ಎಸ್. ಹುಸೇನ್.

ಇನ್ನೂ ಹತ್ತಿರ ಬನ್ನಿ. ನಮ್ಮ ಪುತ್ತೂರಿನಿಂದ ಹೊರಟು, ಸುಳ್ಯ ದಾಟಿ, ಸಂಪಾಜೆಯಲ್ಲಿ ಘಾಟಿ ಹತ್ತಿದರೆ ಮಡಿಕೇರಿ. ಅಲ್ಲಿ 1912ರಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ವಿಧವೆಯರ ಬದುಕು, ಜಾತಿ, ಗಂಡಸರ ಇಬ್ಬಂದಿತನ ಇದರ ಬಗ್ಗೆಯೆಲ್ಲ ಕಥೆ ಬರೆದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತನ್ನ ಮನೆಗೆ ಬರಬೇಕು ಅಂತ ಉಪವಾಸ ಕೂತು ಬರಿಸಿಕೊಂಡು, ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಗಟ್ಟಿಗಿತ್ತಿ. 1939ರಲ್ಲಿ ಹೊಳೆಯಲ್ಲಿ ಈಜುವಾಗ ಮುಳುಗಿ ತೀರಿಕೊಂಡಾಗ ಇಪ್ಪತ್ತೇಳು ವರ್ಷ. ಹೌದು, ಕೊಡಗಿನ ಗೌರಮ್ಮ. ಆದರೆ ಬದುಕಿದ್ದಾಗ ಆ ಕಥೆಗಳ ಜೊತೆ ಹೋಗುತ್ತಿದ್ದ ಹೆಸರು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’. ಗಂಡನ ಹೆಸರು, ಅದರ ಮುಂದೊಂದು ಮಿಸೆಸ್. ಗಾಂಧೀಜಿಯನ್ನೇ ಮನೆಗೆ ಬರಿಸಿಕೊಂಡವರಿಗೂ ಗೌರಮ್ಮ ಎಂಬ ಮೂರೂವರೆ ಅಕ್ಷರ ಕಥೆಯ ಮೇಲೆ ಬೇಗ ಬರಲಿಲ್ಲ.

ಗೌರಮ್ಮ ಬರೆದದ್ದು ವಿಜ್ಞಾನ ಕಥೆ ಅಲ್ಲ, ಅವರು ಗಂಡಸಿನ ವೇಷ ಹಾಕಿದವರೂ ಅಲ್ಲ. ‘ಮಿಸೆಸ್’ ಅಂದಮೇಲೆ ಹೆಂಗಸೆಂದು ಗೊತ್ತಾಗಿಯೇ ಆಗುತ್ತದೆ. ಆದರೆ ಯಾವ ಹೆಂಗಸು ಅಂತ ಮಾತ್ರ ಗೊತ್ತಾಗುವುದಿಲ್ಲ.

ಗಂಡಸರೂ ಹೆಸರು ಮುಚ್ಚಿಟ್ಟವರಿದ್ದಾರೆ, ಅದನ್ನೂ ಹೇಳಬೇಕು. ನಮ್ಮದೇ ಕರಾವಳಿಯ ಮುದ್ದಣ, ನಂದಳಿಕೆ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ‘ರಾಮಾಶ್ವಮೇಧ’ವನ್ನು ಯಾವುದೋ ಹಳೆಯ ಕವಿಯ ಕೃತಿ ಎಂಬಂತೆ ಕಳಿಸಿದರು. ‘ಶ್ರೀರಾಮ ಪಟ್ಟಾಭಿಷೇಕ’ಕ್ಕಂತೂ ಮಹಾಲಕ್ಷ್ಮಿ ಎಂಬ ಹೆಣ್ಣು ಹೆಸರನ್ನೇ ಇಟ್ಟರು. 1901ರಲ್ಲಿ ತೀರಿಕೊಂಡಾಗ ಮೂವತ್ತೊಂದು ವರ್ಷ, ಹೆಚ್ಚುಕಡಿಮೆ ನನ್ನ ಪ್ರಾಯ. ಅವರಿಗೂ ಸಂಕೋಚವಿತ್ತು, ಬಡತನವಿತ್ತು. ಆದರೆ ಲಕ್ಷ್ಮೀನಾರಣಪ್ಪನವರನ್ನು ಯಾರೂ ‘ಹಳೆಗನ್ನಡದ ಭಾಗ ಯಾರ ಹತ್ತಿರ ಕೇಳಿ ಬರೆದ್ರಿ, ಮನೆಯಲ್ಲಿ ಪಂಡಿತರಾ?’ ಅಂತ ಕೇಳುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಆಗಷ್ಟೇ ಹಟ್ಟಿಯಿಂದ ಬಂದು ಹಾಲಿನ ಕ್ಯಾನ್ ಮುಚ್ಚುತ್ತಿದ್ದರು. ಎಲ್ಲ ಕೇಳಿ ಒಂದೇ ಮಾತು ಹೇಳಿದರು.

“ಅದಕ್ಕೆಂತ ಮಗಾ, ಅಷ್ಟು ತಲೆಬಿಸಿ? ನಾನು ಇಪ್ಪತ್ತೆರಡು ವರ್ಷದಿಂದ ಅಪ್ಪನ ಹೆಸರಲ್ಲೇ ಹಾಲು ಹಾಕುವುದಲ್ವಾ?”

ನಾನು ದೋಸೆ ಬಿಟ್ಟು ಮೇಲೆ ನೋಡಿದೆ. ವಿಷಯ ಗೊತ್ತಿದ್ದದ್ದೇ. ಹಾಲಿನ ಸೊಸೈಟಿಯ ಪುಸ್ತಕ ಅಪ್ಪನ ಹೆಸರಲ್ಲಿ ಇದೆ. ದನ ಅಮ್ಮನದ್ದು, ಹುಲ್ಲು ಅಮ್ಮನದ್ದು, ಬೆಳಿಗ್ಗೆ ಐದಕ್ಕೆ ಏಳುವುದು ಅಮ್ಮ, ಕರು ಹಾಕುವಾಗ ರಾತ್ರಿಯಿಡೀ ಹಟ್ಟಿಯಲ್ಲಿ ಕೂರುವುದು ಅಮ್ಮ. ಅಪ್ಪ ತೋಟದವರು, ದನದ ಹತ್ತಿರ ಹೋದರೆ ಅದು ಒದೆಯುತ್ತದೆ. ಆದರೆ ಪುಸ್ತಕದಲ್ಲಿ ದಿನಾ ಎರಡು ಹೊತ್ತು ಹಾಲು ಹಾಕಿದವರು ಅಪ್ಪ. ಸುಮ್ಮನೆ ಸಿಗುವ ಸಾಲಾಗಿ ನಾನು ಅದನ್ನು ಎಷ್ಟೋ ಸಲ ಓದಿದ್ದೇನೆ, ಲೀಟರ್, ಫ್ಯಾಟ್, ರೇಟು. ಹೆಸರನ್ನು ಓದಿರಲಿಲ್ಲ.

“ನಿಮಗೆ ಬೇಸರ ಆಗುದಿಲ್ವಾ ಅಮ್ಮ?”

“ಹಾಲು ಹಾಲೇ ಅಲ್ವಾ. ಹೆಸರು ಯಾರದ್ದಾದ್ರೆ ಎಂತ? ದುಡ್ಡು ಮನೆಗೇ ಬರ್ತದೆ.” ಕ್ಯಾನ್ ಎತ್ತಿಕೊಂಡರು. ಬಾಗಿಲ ಹತ್ತಿರ ಹೋದವರು ಅಲ್ಲೇ ನಿಂತರು. “ಒಂದು ಸಲ ಮಾತ್ರ ಆಗಿತ್ತು.”

ನಾನು ಕಾಲೇಜಿನಲ್ಲಿದ್ದ ವರ್ಷ. ಸೊಸೈಟಿಯ ಮಹಾಸಭೆ. ಆ ವರ್ಷ ಅತಿ ಹೆಚ್ಚು ಹಾಲು ಹಾಕಿದವರಿಗೆ ಬಹುಮಾನ ಅಂತ ಮೈಕಿನಲ್ಲಿ ಕರೆದರು. ಅಪ್ಪನ ಹೆಸರು. ಅಪ್ಪ ಬಿಳಿ ಪಂಚೆ ಉಟ್ಟುಕೊಂಡು ಹೋಗಿ ಒಂದು ದೊಡ್ಡ ಸ್ಟೀಲ್ ಪಾತ್ರೆ ತೆಗೆದುಕೊಂಡು, ನಗಾಡುತ್ತಾ ಕೆಳಗೆ ಬಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಬೆಂಚಿನಲ್ಲಿ ಕೂತಿದ್ದ ಅಮ್ಮನೂ ತಟ್ಟಿದರು.

“ಆ ದಿನ ಸೀರೆ ಒಳ್ಳೇದೇ ಉಟ್ಟಿದ್ದೆ,” ಅಂದರು ಅಮ್ಮ. ಅಷ್ಟೇ. ಕೊಡೆ ಬಿಡಿಸಿಕೊಂಡು ಮಳೆಗೆ ಇಳಿದರು.

ನನಗೆ ಆಮೇಲೆ ದೋಸೆ ಸೇರಲಿಲ್ಲ. ಆ ಸ್ಟೀಲ್ ಪಾತ್ರೆ ಈಗಲೂ ನಮ್ಮ ಅಟ್ಟದಲ್ಲಿದೆ, ಅದರ ಮೇಲೆ ಅಪ್ಪನ ಹೆಸರು ಕೊರೆದಿದೆ. ಅಪ್ಪ ಕೆಟ್ಟವರಲ್ಲ. ಯಾರೋ ಕರೆದರು, ಹೋದರು. ಸೊಸೈಟಿಯವರೂ ಪುಸ್ತಕದಲ್ಲಿದ್ದ ಹೆಸರನ್ನೇ ಕರೆದರು. ಯಾರನ್ನೂ ಬೈಯುವ ಹಾಗಿಲ್ಲ. ಗರ್ಟ್ರೂಡ್ ವಿಷಯದಲ್ಲೂ ಹಾಗೇ. ಬೇರೆಯವರ ಹೆಸರಿನಲ್ಲಿ ಕೆಲಸ ನಡೆಯುತ್ತದೆ. ಎಷ್ಟು ವರ್ಷ ಬೇಕಾದರೂ ನಡೆಯುತ್ತದೆ, ದುಡ್ಡೂ ಬರುತ್ತದೆ. ಮೈಕಿನಲ್ಲಿ ಕರೆಯುವ ದಿನ ಮಾತ್ರ ನಾವು ಹಿಂದಿನ ಬೆಂಚಿನಲ್ಲಿ ಇರುತ್ತೇವೆ.

ನನಗೂ ಆಕೆಗೂ ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಆಕೆಗೆ ಆ ಹೆಸರು ಬಿಟ್ಟರೆ ಮನೆ ನಡೆಯುತ್ತಿರಲಿಲ್ಲ. ನನಗೆ ತಿಂಗಳ ಸಂಬಳ ಉಂಟು. ಕಥೆ ವಾಪಸ್ ಬಂದರೆ ಎಂತ ಹೋಗುತ್ತದೆ? ಒಂದು ಪ್ರಶ್ನೆಗೆ ಉರಿ ಹತ್ತಿ ನಾನು ಅಡಗಿಕೊಂಡದ್ದು. ಅಡಗಿದ್ದಕ್ಕೆ ಆ ಪ್ರಶ್ನೆ ಕೇಳುವವರ ಅಭ್ಯಾಸವೇನೂ ತಪ್ಪಲಿಲ್ಲ. ಅವರಿಗೆ ವಿಜ್ಞಾನ ಕಥೆ ಬರೆದ ಇನ್ನೊಬ್ಬ ‘ಸರ್’ ಸಿಕ್ಕಿದರು, ಅಷ್ಟೇ.

ಆಫೀಸಿಗೆ ಲಾಗಿನ್ ಆಗುವ ಮೊದಲು ಉತ್ತರ ಬರೆದೆ. ನಮಸ್ಕಾರ, ಕಥೆ ಆಯ್ಕೆ ಮಾಡಿದ್ದಕ್ಕೆ ಸಂತೋಷ, ನಾನು ಸರ್ ಅಲ್ಲ, ಹೆಸರನ್ನು ಹೀಗೆ ಹಾಕಿ. ನನ್ನ ಹೆಸರು ಪೂರ್ತಿ ಬರೆದು ಪಕ್ಕದಲ್ಲಿ ನರಿಮೊಗರನ್ನೂ ಉಳಿಸಿಕೊಂಡೆ. ಅದು ಮುಚ್ಚಿಕೊಳ್ಳಲು ತೆಗೆದುಕೊಂಡ ಹೆಸರಾದರೂ ಊರು ನನ್ನದೇ ಅಲ್ವಾ. ಪರಿಚಯದ ನಾಲ್ಕು ಸಾಲಿನಲ್ಲಿ ಎರಡನೆಯದು: ‘ಇಂಜಿನಿಯರ್. ಕಥೆಯಲ್ಲಿ ಬರುವ ತಂತ್ರಜ್ಞಾನದ ತಪ್ಪುಗಳೆಲ್ಲ ಇವರದ್ದೇ.’

ಈ ಅಂಕಣ ಕಳಿಸುವ ಹೊತ್ತಿಗೆ ಅವರಿಂದ ಉತ್ತರ ಬಂದಿಲ್ಲ. ದಿನ ನಾಲ್ಕಾಯ್ತು. ಬಂದರೂ ಬರಬಹುದು.

ಇತ್ತ ಶನಿವಾರ ಅಪ್ಪನೇ ಸೊಸೈಟಿಗೆ ಹೋಗಿ ವಿಚಾರಿಸಿಕೊಂಡು ಬಂದರು. ನಾನು ಹೇಳಿದ್ದಲ್ಲ, ಅಮ್ಮ ಹೇಳಿದ್ದೂ ಅಲ್ಲವಂತೆ. ನಾವು ಮಾತಾಡಿದ್ದು ಜಗಲಿಗೆ ಕೇಳಿಸಿರಬೇಕು. ಅಮ್ಮನನ್ನು ಸದಸ್ಯೆ ಮಾಡಬಹುದು, ಅರ್ಜಿ ಕೊಡಬೇಕು, ಆಧಾರ್ ಜೆರಾಕ್ಸ್ ಬೇಕು, ಎರಡು ಫೋಟೋ ಬೇಕು.

ಹಾಗೆ ಭಾನುವಾರ ನಾನೂ ಅಮ್ಮನೂ ಪುತ್ತೂರು ಪೇಟೆಯ ಒಂದು ಸ್ಟುಡಿಯೋದಲ್ಲಿ ಅಕ್ಕಪಕ್ಕ ಕೂತಿದ್ದೆವು. ಇಬ್ಬರಿಗೂ ಫೋಟೋ ಬೇಕಿತ್ತು. ನನ್ನದು ಎರಡು ನಿಮಿಷದಲ್ಲಿ ಮುಗಿಯಿತು. ಅಮ್ಮನದ್ದು ಮೂರು ಸಲ ತೆಗೆಯಬೇಕಾಯ್ತು. ಮೊದಲಿನ ಎರಡರಲ್ಲಿ ಕಣ್ಣು ಮುಚ್ಚಿತ್ತು.

ಮಹಾಸಭೆಗೆ ಉಟ್ಟಿದ್ದ ಸೀರೆಯನ್ನೇ ಉಟ್ಟುಕೊಂಡು ಬಂದಿದ್ದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.